ಹಡಗಿನ ಹೆಸರಿನ ಮೇಲೊಂದು ಚುಕ್ಕೆ

ಹಬ್ಬದ ನಮಾಜು ಮುಗಿಸಿ ಮಸೀದಿಯ ಅಂಗಳಕ್ಕೆ ಬಂದಾಗ ರಾಸಿಹ್ ಎಫೆಂದಿಗೆ ಮೊದಲು ಚಿಂತೆಯಾದದ್ದು ತನ್ನ ಮುಖದ್ದು. ಒಳಗೆ ಎಲ್ಲರ ಜೊತೆ ಬಗ್ಗಿ ಏಳುತ್ತಿದ್ದಾಗಲೇ ಅದು ತನ್ನಷ್ಟಕ್ಕೆ ಸಡಿಲಾಗಿಬಿಟ್ಟಿತ್ತು. ಈಗ ಬಿಸಿಲಿಗೆ ಬಂದಮೇಲೆ ತುಟಿಯ ಎಡಮೂಲೆ ಮೇಲಕ್ಕೆ ಹೋಗಿರಲೇಬೇಕು ಅನ್ನಿಸಿತು. ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ, ಗಡ್ಡ ನೀವಿಕೊಳ್ಳುವವನ ಹಾಗೆ ಕೈ ತಂದು, ಆ ಮೂಲೆಯನ್ನು ಕೆಳಕ್ಕೆ ಎಳೆದುಕೊಂಡ. ಮೂರು ವಾರದಿಂದ ಅವನಿಗೆ ಇದೇ ಕೆಲಸ. ಕೈತಪ್ಪಿದ ಒಂದು ಹಡಗಿಗಾಗಿ ಇಸ್ತಾಂಬುಲಿನ ಈ ಉಸ್ಕುದಾರ್ ಪೇಟೆಯಿಡೀ ಸೂತಕದಲ್ಲಿರುವಾಗ, ಮೀನು ಮಾರುವವನು ಕೂಡ ನಿಟ್ಟುಸಿರು ಬಿಟ್ಟೇ ಮೀನು ತೂಗುತ್ತಿರುವಾಗ, ತಾನೊಬ್ಬ ಮಾತ್ರ ಒಳಗೊಳಗೇ ಹಬ್ಬ ಮಾಡುತ್ತಿದ್ದೇನೆ ಎನ್ನುವುದು ಹೊರಗೆ ಕಾಣಬಾರದು. ನಗು ಅನ್ನುವುದು ಇಷ್ಟು ಹಟಮಾರಿ ಎಂದು ಐವತ್ತೈದು ವರ್ಷದ ತನಕ ಅವನಿಗೆ ಗೊತ್ತಿರಲಿಲ್ಲ. ಜನ್ಮದಲ್ಲಿ ಅವನು ನಕ್ಕದ್ದೇ ಕಮ್ಮಿ.

"ಹಬ್ಬ ಒಳ್ಳೇದಾಗ್ಲಿ ಉಸ್ತಾದ್," ಎಂದು ಕಾಫಿಯಂಗಡಿಯ ತಾಹ್ಸಿನ್ ಬಂದು ಎರಡೂ ಕೈ ಹಿಡಿದುಕೊಂಡ. "ಎಂಥ ಹಬ್ಬವೋ ಏನೋ. ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನಂಗೊತ್ತು ಬಿಡಿ."

"ಗೊತ್ತಾ?" ರಾಸಿಹ್ ಎಫೆಂದಿ ಕೈ ಬಿಡಿಸಿಕೊಳ್ಳಲು ನೋಡಿದ.

"ಗೊತ್ತಿಲ್ದೆ ಏನು? ನಾವೆಲ್ಲ ಚಂದಾ ಕೊಟ್ಟೋರು, ದುಡ್ಡು ಇವತ್ತಲ್ಲ ನಾಳೆ ಹುಟ್ಟುತ್ತೆ. ನಿಮ್ದು ಹಾಗಲ್ಲ. ಆ ಹಡಗಿನ ಬೆನ್ನ ಮೇಲೆ ಇದ್ದದ್ದು ನಿಮ್ಮ ಅಕ್ಷರ! ಹೆತ್ತ ಮಗೂನ ಕಳಕೊಂಡಂಗೆ." ತಾಹ್ಸಿನನ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು. "ಅಂದಹಾಗೆ ಪೆಂಬೆ ಹಾನಿಮ್ ಮಗ ಬೆದ್ರಿ ನಿನ್ನೆ ಸಂಜೆ ಇಂಗ್ಲೆಂಡಿಂದ ಬಂದ. ಬಂದವನೇ ನಿಮ್ಮನ್ನೇ ಕೇಳಿದ. ಹಡಗಿನ ಹೆಸರಿನ ವಿಷಯ ಉಸ್ತಾದರ ಹತ್ರ ಒಂದು ಮಾತು ಹೇಳ್ಬೇಕು ಅಂದ. ಇವತ್ತು ಕೈಗೆ ಮುತ್ತಿಡೋಕೆ ಮನೆಗೇ ಬರ್ತಾನೆ."

ಈಗ ಮುಖದ ಬಗ್ಗೆ ಚಿಂತೆ ಉಳಿಯಲಿಲ್ಲ. ಅದು ತಾನಾಗಿಯೇ ಬೇಕಾದಷ್ಟು ಕೆಳಕ್ಕೆ ಇಳಿದಿತ್ತು. ಬೆದ್ರಿ ಇಂಗ್ಲೆಂಡಿನಲ್ಲಿ ಕಟ್ಟಿಸಿದ ಆ ಹಡಗಿನ ಕುಲುಮೆಗೆ ಕಲ್ಲಿದ್ದಲು ಹಾಕಲೆಂದು ಹೋದವನು. ಹಡಗನ್ನು ಹತ್ತುವ ಮೊದಲೇ ಇಂಗ್ಲಿಷರು ಅದನ್ನು ಕಸಿದುಕೊಂಡದ್ದರಿಂದ ಕೈಬೀಸಿಕೊಂಡು ಬಂದವನು. ಆದರೆ ನೋಡಿದ್ದಾನೆ. ಇಸ್ತಾಂಬುಲ್‌ಗೆ ಇಸ್ತಾಂಬುಲ್ಲೇ ಯಾವುದರ ಹೆಸರು ಹೇಳಿಕೊಂಡು ಅಳುತ್ತಿತ್ತೋ ಆ ಹಡಗನ್ನು ಕಣ್ಣಾರೆ ನೋಡಿದವನು ಈ ಬೀದಿಯಲ್ಲಿ ಅವನೊಬ್ಬನೇ.

ಇಳಿಜಾರಿನ ಕಲ್ಲುಹಾಸಿನ ಮೇಲೆ ಮನೆಯತ್ತ ನಡೆಯುವಾಗ ಹೊಸ ಬಟ್ಟೆ ಹಾಕಿಕೊಂಡ ಮಕ್ಕಳು ಕೈಗೆ ಮುತ್ತಿಟ್ಟು ಮಿಠಾಯಿಗೆ ಕೈ ಚಾಚಿದರು. ಅವನು ಜೇಬಿನಿಂದ ತೆಗೆದು ಕೊಡುತ್ತ ಹೋದ, ಯಾರಿಗೆ ಎರಡು ಸಲ ಕೊಟ್ಟನೋ ನೋಡಲಿಲ್ಲ. ಕೆಳಗೆ ಜಲಸಂಧಿ ಹೊಳೆಯುತ್ತಿತ್ತು. ಅದರ ನೀರನ್ನು ನೋಡಿದಾಗಲೆಲ್ಲ ಕಳೆದ ಒಂದು ವರ್ಷ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಒಂದಲ್ಲ ಒಂದು ದಿನ ಆ ಹಡಗು ಇಲ್ಲಿಗೇ ಬರುತ್ತದೆ, ಅರಮನೆಯ ಮುಂದೆ ಲಂಗರು ಹಾಕುತ್ತದೆ, ದೋಣಿ ದೋಣಿ ಜನ ಅದರ ಸುತ್ತ ಒಂದು ಸುತ್ತು ಬರುತ್ತಾರೆ, ಹಿಂಬದಿಗೆ ಬಂದಾಗ ಕತ್ತೆತ್ತಿ ಹೆಸರು ಓದುತ್ತಾರೆ. ಆಮೇಲೆ? ಆಮೇಲಿನದನ್ನು ಅವನು ದಿನಕ್ಕೊಂದು ರೀತಿ ಕಲ್ಪಿಸಿಕೊಂಡಿದ್ದ. ಒಂದು ದಿನ ಎಲ್ಲರೂ ಒಟ್ಟಿಗೆ ನಗುತ್ತಿದ್ದರು, ಇನ್ನೊಂದು ದಿನ ಯಾರೂ ನಗುತ್ತಿರಲಿಲ್ಲ. ಎರಡನೆಯದೇ ಹೆಚ್ಚು ಭಯಂಕರವಾಗಿತ್ತು.

ಹೆಸರು ರಹ್ಮೆತ್. ಕರುಣೆ. ಯುದ್ಧದ ಹಡಗಿಗೆ ಯಾಕೆ ಈ ಹೆಸರು ಎಂದು ಕೇಳುವವನಲ್ಲ ಅವನು. ನೌಕಾ ಸಚಿವಾಲಯದಿಂದ ಬಂದ ಚೀಟಿಯಲ್ಲಿ ಆ ಹೆಸರಿತ್ತು, ಅವನು ಬರೆದ. ಪಾಠಶಾಲೆಯ ಖಾಲಿ ಹಜಾರದ ನೆಲದ ಮೇಲೆ ಕಾಗದಕ್ಕೆ ಕಾಗದ ಅಂಟಿಸಿ, ಮೊಣಕಾಲ ಮೇಲೆ ಹರಿದಾಡಿಕೊಂಡು, ಅಗಲವಾದ ಮರದ ಲೇಖನಿಯಿಂದ ಮನುಷ್ಯನೆತ್ತರದ ಅಕ್ಷರಗಳನ್ನು ಬರೆದ. ಅಷ್ಟು ದೊಡ್ಡದನ್ನು ಅವನು ಅದಕ್ಕೆ ಮೊದಲು ಬರೆದಿರಲಿಲ್ಲ. ಅವನ ಲಿಪಿಕಾರ ಕಸುಬಿನಲ್ಲಿ ಅಳತೆಗೋಲು ಎಂದರೆ ಚುಕ್ಕೆ: ಲೇಖನಿಯನ್ನು ಓರೆಯಾಗಿ ಒತ್ತಿದರೆ ಮೂಡುವ ನಾಲ್ಕು ಮೂಲೆಯ ಚುಕ್ಕೆ. ಯಾವ ಅಕ್ಷರ ಎಷ್ಟು ಚುಕ್ಕೆ ಎತ್ತರ, ಎಷ್ಟು ಚುಕ್ಕೆ ಹೊಟ್ಟೆ ಎಂದು ಗುರುಗಳಿಂದ ಗುರುಗಳಿಗೆ ಬಂದ ಲೆಕ್ಕ. ಬರೆಯುವ ಮೊದಲು ಅಲ್ಲಲ್ಲಿ ಚುಕ್ಕೆ ಇಟ್ಟುಕೊಳ್ಳುವುದು, ಬರೆದಾದಮೇಲೆ ಕೆರೆದು ತೆಗೆಯುವುದು. ಮಾಮೂಲು ಕೆಂಪು ಶಾಯಿಯಲ್ಲಿ ಇಡುತ್ತಾರೆ. ಅವತ್ತು ಕೆಂಪು ಒಣಗಿತ್ತು, ಕಪ್ಪಿನಲ್ಲೇ ಇಟ್ಟ. ಎರಡನ್ನು ಚಾಕುವಿನಿಂದ ಕೆರೆದದ್ದು ನೆನಪಿದೆ. ಮೂರನೆಯದು ಮೊದಲ ಅಕ್ಷರದ ನೆತ್ತಿಯ ಮೇಲಿತ್ತು. ಅದನ್ನು ಕೆರೆಯಲು ಚಾಕು ಇಟ್ಟಾಗಲೇ ಸಚಿವಾಲಯದವನು ಗಾಡಿ ಸಮೇತ ಬಂದು ಬಾಗಿಲಲ್ಲಿ ನಿಂತಿದ್ದ. ಕಾಫಿ ತರಿಸುತ್ತೇನೆ ಎಂದರೆ "ಬೇಡ ಬೇಡ, ನಿಮಗ್ಯಾಕೆ ಜಹ್ಮೆತ್" ಎಂದ. ತೊಂದರೆ ತಗೋಬೇಡಿ ಅನ್ನುವುದಕ್ಕೆ ನಮ್ಮವರು ದಿನಕ್ಕೆ ನೂರು ಸಲ ಹೇಳುವ ಮಾತು. ಅರಬ್ಬಿ ಅಕ್ಷರದ ನಮ್ಮ ಬರವಣಿಗೆಯಲ್ಲಿ ರಹ್ಮೆತ್‌ಗೂ ಜಹ್ಮೆತ್‌ಗೂ ಇರುವ ವ್ಯತ್ಯಾಸ ಎಂದರೆ ಮೊದಲ ಅಕ್ಷರದ ನೆತ್ತಿಯ ಮೇಲಿನ ಒಂದು ಚುಕ್ಕೆ. ಇಲ್ಲದಿದ್ದರೆ ಕರುಣೆ, ಇದ್ದರೆ ತೊಂದರೆ.

ಕೆರೆದನೋ ಇಲ್ಲವೋ? ಕಾಗದ ಸುರುಳಿಯಾಗಿ ಗಾಡಿ ಹತ್ತಿ ಹೋದ ಮೇಲೆ, ಒಂದು ವಾರ ಕಳೆದು, ದಾಳಿಂಬೆ ಬಿಡಿಸುತ್ತ ಕುಳಿತಿದ್ದಾಗ ಈ ಪ್ರಶ್ನೆ ಬಂತು. ಬಂದದ್ದು ಹೋಗಲಿಲ್ಲ. ಸಚಿವಾಲಯಕ್ಕೆ ಹೋಗಿ ಕೇಳೋಣವೆಂದು ಎರಡು ಸಲ ದೋಣಿ ಹತ್ತಿದ. ಎರಡು ಸಲವೂ ಆಚೆ ದಡದಲ್ಲಿ ಬಿಸಿ ಬಿಸಿ ಮೀನು ತಿಂದು ವಾಪಸು ಬಂದ. ಏನೆಂದು ಕೇಳುವುದು? ಸಾಮ್ರಾಜ್ಯಕ್ಕೆಲ್ಲ ಹೆಸರಾದ ಲಿಪಿಕಾರ ಒಂದು ಚುಕ್ಕೆ ಅಳಿಸಿದೆನೋ ಇಲ್ಲವೋ ಎಂದು ಕೇಳಲು ಬಂದಿದ್ದೇನೆ ಅನ್ನುವುದೆ? ಅಳಿಸಿದ್ದರೆ ಸುಮ್ಮನೆ ನಗೆಪಾಟಲು. ಅಳಿಸದಿದ್ದರೆ, ಕಾಗದ ಆಗಲೇ ಇಂಗ್ಲೆಂಡಿನಲ್ಲಿದೆ, ಅಲ್ಲಿನ ಎರಕದವನಿಗೆ ಅಕ್ಷರವೂ ಒಂದೇ ಚುಕ್ಕೆಯೂ ಒಂದೇ, ಕಂಡದ್ದನ್ನೆಲ್ಲ ಹಿತ್ತಾಳೆಯಲ್ಲಿ ಎರೆಯುತ್ತಾನೆ.

ಅಂದಿನಿಂದ ಆ ಮಾತು ಅವನ ಬೆನ್ನು ಬಿದ್ದಿತ್ತು. ಯಾರ ಮನೆಗೆ ಹೋಗಲಿ, ಒಂದು ಲೋಟ ನೀರು ಕೊಡಲಿ, "ಜಹ್ಮೆತ್ ಆಯ್ತು." ಕುರ್ಚಿ ಸರಿಸಿದರೆ "ಜಹ್ಮೆತ್ ಬೇಡ." ದೋಣಿಯಿಂದ ಇಳಿಯಲು ಅವನು ಕೈಯಾಸರೆ ಕೊಟ್ಟ ಹೆಂಗಸು ಕೂಡ "ಜಹ್ಮೆತ್ ಕೊಟ್ಟೆ" ಎನ್ನಬೇಕೆ? ಈ ಜನ ಎಷ್ಟು ವಿನಯವಂತರಪ್ಪಾ ಎಂದು ಅವನಿಗೆ ಆಗ ಸಿಟ್ಟೇ ಬರುತ್ತಿತ್ತು. ಒಂದು ದಿನ ಹೆಂಡತಿ ನಿಗಾರ್ ಕಾಫಿ ತಂದಿಟ್ಟಾಗ ಅವನೇ ಬಾಯಿ ತಪ್ಪಿ ಆ ಮಾತು ಅಂದು, ನಾಲಿಗೆ ಕಚ್ಚಿಕೊಂಡು, ಕಾಫಿಯನ್ನೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡಿದ್ದ. ನಿಗಾರ್ ಏನೂ ಕೇಳದೆ ಒದ್ದೆ ಬಟ್ಟೆ ತಂದಳು.

ನಿಗಾರ್‌ಗೆ ಹೇಳುವುದು ಸಾಧ್ಯವೇ ಇರಲಿಲ್ಲ. ಅವಳ ಕೂದಲು ಆ ಹಡಗಿನಲ್ಲಿತ್ತು. ಹಾಗೆ ಅನ್ನುವುದು ಮಾತಿಗಲ್ಲ. ಹಡಗು ಕೊಳ್ಳಲು ಚಂದಾ ಎತ್ತುವ ಹೆಂಗಸರು ಬೀದಿಗೆ ಬಂದ ದಿನ ಬಳೆ ಇದ್ದವರು ಬಳೆ ಕೊಟ್ಟರು, ತಾಮ್ರದ ಹಂಡೆ ಇದ್ದವರು ಹಂಡೆ ಕೊಟ್ಟರು, ಏನೂ ಇಲ್ಲದ ಕೆಲವರು ಮಾರಿಕೊಳ್ಳಲಿ ಎಂದು ಕೂದಲು ಕತ್ತರಿಸಿ ಕೊಟ್ಟರು. ನಿಗಾರ್‌ಗೆ ಬಳೆಯಿತ್ತು, ಹಂಡೆಯಿತ್ತು, ಆದರೂ ಒಳಗೆ ಹೋಗಿ ಕತ್ತರಿ ತಂದಳು. ಮೊಣಕಾಲು ಮುಟ್ಟುತ್ತಿದ್ದ ಎರಡು ಜಡೆ. ಮೂವತ್ತು ವರ್ಷ ಅವನು ಶುಕ್ರವಾರದ ಬೆಳಿಗ್ಗೆ ಬಾಚುತ್ತಿದ್ದ ಜಡೆ. ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲದ, ಅವರಿಬ್ಬರದೇ ಆದ ಒಂದು ವಾಡಿಕೆ. "ಬೆಳೆಯತ್ತೆ ಬಿಡಿ, ನಾನೇನು ತಲೆ ಕೊಟ್ಟೆನಾ?" ಎಂದು ಅವಳು ನಕ್ಕಳು. ಅವನೂ ನಕ್ಕ. ಆಮೇಲೆ ಶುಕ್ರವಾರಗಳಲ್ಲಿ ಕೈಗೆ ಏನು ಕೆಲಸ ಕೊಡುವುದೆಂದು ತಿಳಿಯದೆ ಲೇಖನಿ ಚೂಪು ಮಾಡುತ್ತ ಕೂರುತ್ತಿದ್ದ. ಇಂಥವಳ ಎದುರು ನಿಂತು, ನಿನ್ನ ಜಡೆಯಿಂದ ಕಟ್ಟಿದ ಹಡಗಿಗೆ ನಾನು ತೊಂದರೆ ಅಂತ ಬರೆದುಕೊಟ್ಟಿರಬಹುದು ಕಣೇ ಎಂದು ಯಾವ ಬಾಯಲ್ಲಿ ಹೇಳುವುದು? ಗೊತ್ತಾದ ದಿನ ಅವಳು ಬಯ್ಯುವವಳಲ್ಲ. ಒಂದು ಸಲ ಅವನ ಮುಖ ನೋಡಿ ಒಳಗೆ ಹೋಗುತ್ತಾಳೆ. ಆ ಒಂದು ನೋಟವೇ ಅವನಿಗೆ ಇಡೀ ಇಸ್ತಾಂಬುಲ್‌ನ ನಗುವಿಗಿಂತ ದೊಡ್ಡದಾಗಿತ್ತು.

ಹೀಗಿರುವಾಗ ರಮಜಾನಿನ ಒಂದು ಮಧ್ಯಾಹ್ನ ಪತ್ರಿಕೆಯ ಹುಡುಗರು ಕೂಗಿಕೊಂಡು ಓಡಿದರು. ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಿದೆ, ನಮ್ಮ ರಹ್ಮೆತನ್ನು ಇಂಗ್ಲಿಷರು ತಮಗೇ ಬೇಕೆಂದು ಇಟ್ಟುಕೊಂಡುಬಿಟ್ಟಿದ್ದಾರೆ. ರಾಸಿಹ್ ಎಫೆಂದಿ ಉಪವಾಸದ ಬಾಯಲ್ಲಿ ನಿಂತು ಅದನ್ನು ಎರಡು ಸಲ ಕೇಳಿಸಿಕೊಂಡ. ನಂತರ ಅವನೊಳಗೆ ಏನೋ ಕುಣಿಯಿತು. ಸುಳ್ಳೇಕೆ, ಕುಣಿಯಿತು. ಬರುವುದಿಲ್ಲ! ಅರಮನೆಯ ಮುಂದೆ ನಿಲ್ಲುವುದಿಲ್ಲ! ಆ ಚುಕ್ಕೆ ಇತ್ತೋ ಇಲ್ಲವೋ, ಇನ್ನು ಅದು ಇಂಗ್ಲಿಷರಿಗೂ ದೇವರಿಗೂ ಬಿಟ್ಟದ್ದು. ಮರುಗಳಿಗೆಗೇ ನಾಚಿಕೆ ಬಂತು, ಆದರೆ ನಾಚಿಕೆ ಬಂದು ಪಕ್ಕದಲ್ಲಿ ಕೂತಿತೇ ಹೊರತು ಸಂತೋಷವನ್ನು ಎಬ್ಬಿಸಿ ಕಳಿಸಲಿಲ್ಲ. ಮನೆಗೆ ಹೋದರೆ ನಿಗಾರ್ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ತಲೆಬಟ್ಟೆ ಬಾಯಿಗೆ ಒತ್ತಿಕೊಂಡು, ಭುಜ ಕುಲುಕುವಂತೆ ಅಳುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಬೆನ್ನು ಸವರಿದ. ಸವರುತ್ತಿದ್ದ ಆ ಕೈ ಎಷ್ಟು ಹಗುರವಾಗಿದೆ ಎಂದು ಅವಳಿಗೆ ತಿಳಿದುಬಿಡುತ್ತದೇನೋ ಎಂದು ಹೆದರಿ ಬೇಗನೆ ತೆಗೆದ. ಅಂದು ಸಂಜೆ ಉಪವಾಸ ಬಿಡುವಾಗ ಬದನೆಕಾಯಿ ಪಲ್ಯವನ್ನು ಮೂರು ಸಲ ಬಡಿಸಿಕೊಂಡ. ಒಂದು ವರ್ಷದಿಂದ ಅನ್ನ ರುಚಿಸದಿದ್ದವನು.

ಊಟವಾದ ಮೇಲೆ ತಾಹ್ಸಿನನ ಕಾಫಿಯಂಗಡಿಯಲ್ಲಿ ಬೀದಿಯೇ ಸೇರಿತ್ತು. ಅವನನ್ನು ನಡುವೆ ಕೂರಿಸಿದರು. ಒಬ್ಬೊಬ್ಬರಾಗಿ ಬಂದು ತಬ್ಬಿದರು, ತಾಹ್ಸಿನ್ ಅಂತೂ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದ. ರಾಸಿಹ್ ಎಫೆಂದಿಗೆ ನಗು ಗಂಟಲ ತನಕ ಬಂದು, ಕೆನ್ನೆಯ ಒಳಭಾಗವನ್ನು ರಕ್ತ ಬರುವಷ್ಟು ಕಚ್ಚಿಕೊಂಡ. ನೋವಿಗೆ ಕಣ್ಣಲ್ಲಿ ನೀರು ಬಂತು. "ನೋಡ್ರಪ್ಪ, ಉಸ್ತಾದರನ್ನ ನೋಡಿ," ಎಂದು ಇಮಾಮರು ಹೇಳಿದರು, "ಬಾಯಲ್ಲಿ ಒಂದು ಮಾತಿಲ್ಲ. ದುಃಖ ಅಂದ್ರೆ ಇದು." ಆಮೇಲೆ ಯಾರೋ ಒಂದು ಬಟ್ಟೆ ತಂದು ಹಾಸಿದರು, ಮರುದಿನದ ಮೆರವಣಿಗೆಗೆ 'ರಹ್ಮೆತ್ ನಮ್ಮದು' ಎಂದು ಬರೆದುಕೊಡಿ ಎಂದರು. ಅವನು ಬರೆದ. ಬರೆದು ಬಗ್ಗಿ ನೋಡಿದ. ಮತ್ತೆ ಬಗ್ಗಿ ನೋಡಿದ. ಮೊದಲ ಅಕ್ಷರದ ನೆತ್ತಿಯ ಮೇಲೆ ಬೆರಳಾಡಿಸಿ ನೋಡಿದ. ನೊಣವೊಂದು ಬಂದು ಸರಿಯಾಗಿ ಅಲ್ಲೇ ಕೂತಾಗ ಅದನ್ನು ಓಡಿಸಲು ಅವನು ಎರಡೂ ಕೈ ಬೀಸಿದ್ದನ್ನು ಕಂಡು, ಪಾಪ, ಬುದ್ಧಿ ಸ್ವಲ್ಪ ಕದಡಿದೆ ಎಂದು ಜನ ಪಿಸುಗುಟ್ಟಿಕೊಂಡರು.

ಇಂದು ಹಬ್ಬದ ನಮಾಜಿನಿಂದ ಬಂದಾಗ ಮನೆಯ ಬಾಗಿಲು ತೆರೆದಿತ್ತು. ನಿಗಾರ್ ಹಬ್ಬದ ನೀಲಿ ಉಡುಪು ತೊಟ್ಟು, ಜಗಲಿಯಲ್ಲಿ ತಟ್ಟೆ ಜೋಡಿಸುತ್ತಿದ್ದಳು. ತಲೆಬಟ್ಟೆಯಂಚಿನಿಂದ ಕೂದಲು ಇಣುಕುತ್ತಿತ್ತು. ಅದು ಭುಜದ ತನಕ ಬೆಳೆದಿರಬೇಕು ಎಂದು ಅವನು ಅಂದಾಜು ಮಾಡಿದ್ದ. ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

"ಬೆದ್ರಿ ಬರ್ತಾನಂತೆ," ಎಂದ.

"ಪೆಂಬೆ ಹೇಳಿ ಕಳಿಸಿದ್ಲು. ಬರ್ಲಿ. ಬಕ್ಲಾವ ಇದೆ." ಅವಳು ತಟ್ಟೆಯ ಮೇಲಿಂದ ಕಣ್ಣೆತ್ತಲಿಲ್ಲ. "ನೀವು ಯಾಕೆ ಹಾಗೆ ಬಿಳಿಚಿಕೊಂಡಿದೀರಿ? ಒಂದು ತಿಂಗಳು ಉಪವಾಸ ಮಾಡಿದ್ದು ಸಾಕು, ಏನಾದ್ರೂ ಬಾಯಿಗೆ ಹಾಕ್ಕೊಳ್ಳಿ."

ಅವನು ಬಕ್ಲಾವದ ಒಂದು ತುಂಡು ಬಾಯಿಗೆ ಹಾಕಿಕೊಂಡ. ಸಿಹಿಯೇ ಹತ್ತಲಿಲ್ಲ. ತಲೆನೋವು ಎಂದು ಮಲಗಿಬಿಡಬಹುದು. ಸ್ಮಶಾನಕ್ಕೆ ಅಪ್ಪ ಅಮ್ಮನ ಸಮಾಧಿ ನೋಡಲು ಹೋಗುತ್ತೇನೆ ಎನ್ನಬಹುದು, ಹಬ್ಬದ ದಿನ ಯಾರೂ ಬೇಡವೆನ್ನುವುದಿಲ್ಲ. ಆದರೆ ತಾನಿಲ್ಲದಾಗ ಬೆದ್ರಿ ಬಂದು ನಿಗಾರ್‌ಗೆ ಹೇಳಿಬಿಟ್ಟರೆ? ಅದಕ್ಕಿಂತ ಇಲ್ಲೇ ಕೂತು ಎದುರಿಸುವುದು ವಾಸಿ. ಅಥವಾ ಚುಕ್ಕೆ ಇರಲೇ ಇಲ್ಲವೋ ಏನೋ, ಬೆದ್ರಿ ಬರುತ್ತಿರುವುದು ಅಕ್ಷರ ಎಷ್ಟು ಚೆನ್ನಾಗಿತ್ತು ಎಂದು ಹೊಗಳುವುದಕ್ಕೋ ಏನೋ. ಹಾಗೆ ಅಂದುಕೊಂಡ ಕೂಡಲೇ ಒಂದು ವಿಚಿತ್ರವಾಯಿತು. ಚುಕ್ಕೆಯಿರಲಿಲ್ಲ ಎಂದಾದರೆ, ಅಷ್ಟು ಚೆಂದದ ಅಕ್ಷರ ಹೊತ್ತ ಹಡಗು ಹೋಯಿತಲ್ಲ ಎಂದು ಮೊದಲ ಸಲ ಅವನಿಗೆ ನಿಜವಾದ ಸಂಕಟವಾಯಿತು. ಇದೊಳ್ಳೆ ಕಥೆಯಾಯಿತಲ್ಲ ಎಂದು ತನಗೇ ಬೈದುಕೊಂಡು ಇನ್ನೊಂದು ತುಂಡು ತಿಂದ.

ಪೆಂಬೆ ಹಾನಿಮ್ ಮಾತಾಡುತ್ತಲೇ ಒಳಗೆ ಬಂದಳು. ಅವಳು ಬೀದಿಯ ಆ ತುದಿಯಲ್ಲಿ ಶುರು ಮಾಡಿದ ಮಾತನ್ನು ಈ ತುದಿಯಲ್ಲಿ ಮುಗಿಸುವವಳು. ಹಿಂದೆ ಬೆದ್ರಿ. ಬಿಸಿಲಿಗೆ ಕಪ್ಪಾಗಿ ಹೋದವನು ಬೆಳ್ಳಗಾಗಿ ಬಂದಿದ್ದ. ಬಗ್ಗಿ ರಾಸಿಹ್ ಎಫೆಂದಿಯ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಂಡ, ನಿಗಾರ್‌ಳ ಕೈಗೂ.

"ಕೂತ್ಕೊಳೋ ಮಗನೆ. ಕಾಫಿ ತರ್ತೀನಿ," ಎಂದಳು ನಿಗಾರ್.

"ಬೇಡ ಚಿಕ್ಕಮ್ಮ, ನಿಮಗ್ಯಾಕೆ ಜಹ್..." ಎಂದು ಬೆದ್ರಿ ಅರ್ಧಕ್ಕೆ ನಿಲ್ಲಿಸಿ, ಕೈಯಿಂದ ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕ. "ತಪ್ಪಾಯ್ತು. ನಮ್ಮ ಹುಡುಗರ ಮುಂದೆ ಈ ಮಾತು ಅಂದ್ರೆ ಎಲ್ಲಾ ಎದ್ದು ಸಲಾಮು ಹೊಡೀತಿದ್ರು. ಅಭ್ಯಾಸ ಆಗ್ಬಿಟ್ಟಿದೆ."

ಇತ್ತು. ಚುಕ್ಕೆ ಇತ್ತು. ರಾಸಿಹ್ ಎಫೆಂದಿಗೆ ಕಿವಿಯಲ್ಲಿ ಗುಂಯ್ ಎಂದಿತು. ಆದರೂ ಆ ಗುಂಯ್‌ನ ನಡುವೆಯೇ, ಒಂದು ವರ್ಷದ ತನ್ನ ಅನುಮಾನ ಸರಿಯಾಗಿತ್ತು, ಮೂರನೆಯದನ್ನು ತಾನು ಕೆರೆದಿರಲಿಲ್ಲ ಎಂದು ಒಂಥರಾ ಸಮಾಧಾನವೂ ಆಯಿತು.

"ಏನೋ ಅದು ಸಲಾಮು?" ಎಂದಳು ಪೆಂಬೆ. "ನಿನ್ನೆಯಿಂದ ಹಿಂಗೇ ಆಡ್ತಿದಾನೆ. ಕೇಳಿದ್ರೆ, ಉಸ್ತಾದರ ಮುಂದೆ ಹೇಳ್ತೀನಿ ಅಂತಾನೆ."

"ಅದೇ ಅಮ್ಮ, ಹಡಗಿನ ಹೆಸರು. ಚಿಕ್ಕಪ್ಪ, ನೀವು ಬೇಜಾರು ಮಾಡ್ಕೋಬಾರ್ದು. ನಿಮ್ಮ ಕೈಬರಹಕ್ಕೆ ಆ ನಾಡಲ್ಲಿ ಒಂದು ಅವಮಾನ ಆಗ್ಹೋಯ್ತು."

"ಅವಮಾನ?" ಎಂದು ರಾಸಿಹ್ ಎಫೆಂದಿ ಕೇಳಿದ.

"ಆ ಇಂಗ್ಲಿಷರಿಗೆ ಏನು ತಿಳಿಯುತ್ತೆ ಬಿಡಪ್ಪ," ಎಂದು ನಿಗಾರ್ ಥಟ್ಟನೆ ಹೇಳಿದಳು. "ಎಲ್ಲೋ ಒಂದು ಚುಕ್ಕೆ ಜಾಸ್ತಿ ಇಟ್ಟಿರ್ತಾರೆ."

"ಅದೇ ಚಿಕ್ಕಮ್ಮ! ಸರಿಯಾಗಿ ಹೇಳಿದ್ರಿ!" ಬೆದ್ರಿ ತೊಡೆ ತಟ್ಟಿದ. "ನಾವು ನದಿಯ ಈಚೆ ದಡದಲ್ಲಿ ಒಂದು ಹಳೇ ಹಡಗಲ್ಲಿ ಇದ್ವಿ. ಆಚೆ ದಡದಲ್ಲಿ ನಮ್ಮದು. ಹೋದ ಮೊದಲ ದಿನ ಮಂಜು, ಏನೂ ಕಾಣ್ಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲ ಮೇಲೆ ಬಂದು ನೋಡಿದ್ರೆ, ಅಬ್ಬಾ, ಎಂಥ ಅಕ್ಷರ ಚಿಕ್ಕಪ್ಪ! ಬಿಸಿಲಿಗೆ ಬೆಂಕಿ ಹತ್ತಿದಂಗೆ ಹೊಳೀತಿತ್ತು. ಓದಿದ್ರೆ, ಜಹ್ಮೆತ್! ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಯಾರು ಹೇಳ್ತಾರೆ? ಕಪ್ತಾನರಿಗೆ ದೂರದ್ದು ಕಾಣಲ್ಲ, ಅವರು ಕೈ ಕಟ್ಕೊಂಡು 'ಎಷ್ಟು ಸೊಗಸಾದ ರಹ್ಮೆತ್' ಅಂದ್ರು. ಹೂಂ ಸ್ವಾಮಿ ಅಂದ್ವಿ. ಅವತ್ತಿಂದ ಅದು ನಮಗೆ ಜಹ್ಮೆತ್ತೇ. ನಮ್ಮ ಜಹ್ಮೆತ್ ಇವತ್ತು ಹೊಗೆ ಬಿಡ್ತು, ನಮ್ಮ ಜಹ್ಮೆತ್‌ಗೆ ಇವತ್ತು ತೋಪು ಏರಿಸಿದ್ರು. ಊರಲ್ಲಿ ಹೆಂಡತೀನ ಕರೆದಂಗೆ."

ಪೆಂಬೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ರಾಸಿಹ್ ಎಫೆಂದಿ ನಗಲಿಲ್ಲ. ಅವನು ನಿಗಾರ್‌ಳ ಕಡೆ ನೋಡುತ್ತಿದ್ದ. ಬೆದ್ರಿ ಚುಕ್ಕೆಯ ಮಾತೆತ್ತುವ ಮೊದಲೇ ಇವಳು ಚುಕ್ಕೆ ಎಂದಳಲ್ಲ. ನಿಗಾರ್ ಬಕ್ಲಾವದ ತಟ್ಟೆಯನ್ನು ಬೆದ್ರಿಯ ಮುಂದೆ ಸರಿಸುವುದರಲ್ಲಿ ಮಗ್ನಳಾಗಿದ್ದಳು, ಅಷ್ಟೇನೂ ಸರಿಸುವ ಅಗತ್ಯವಿಲ್ಲದಿದ್ದರೂ.

"ಇನ್ನೂ ಕೇಳಿ," ಎಂದ ಬೆದ್ರಿ, ಬಾಯಿ ತುಂಬಿಕೊಂಡು. "ಅವರ ಸಿಪಾಯಿಗಳು ಬಂದೂಕು ಹಿಡ್ಕೊಂಡು ಹಡಗು ಹತ್ತಿದ ದಿನ ನಾವೆಲ್ಲ ಈಚೆ ದಡದಲ್ಲಿ ನಿಂತು ಅತ್ವಿ. ಸುಳ್ಳಲ್ಲ, ಚಿಕ್ಕಪ್ಪ, ಗಡ್ಡ ಬಂದೋರೆಲ್ಲ ಅತ್ವಿ. ಎರಡು ದಿನ ಬಿಟ್ಟು ಕೂಲಿಗಳು ಹಗ್ಗದಲ್ಲಿ ಇಳಿದು ಅಕ್ಷರ ಕೀಳೋಕೆ ಶುರು ಮಾಡಿದ್ರು. ಅಕ್ಷರ ಎಲ್ಲ ಬಂತು. ಆ ಚುಕ್ಕೆ ಮಾತ್ರ ಬರ್ಲಿಲ್ಲ! ಅದರ ಮೊಳೆ ಎಲ್ಲಿಗೆ ಹೊಡೆದಿದ್ರೋ ದೇವರಿಗೇ ಗೊತ್ತು. ಒಬ್ಬ ಬಡಿದ, ಇಬ್ಬರು ಬಡಿದ್ರು. ನಾವು ಈಚೆಯಿಂದ 'ಬಿಡಬೇಡ, ಗಟ್ಟಿಯಾಗಿ ಹಿಡ್ಕೋ' ಅಂತ ಕೂಗ್ತಿದ್ವಿ, ಚುಕ್ಕೆಗೆ! ಕೊನೆಗೆ ಅವರೇ ಸೋತು ಅದರ ಮೇಲೆ ಬೂದಿ ಬಣ್ಣ ಬಳಿದು ಹೋದ್ರು. ಈಗ ಅವರ ಇಂಗ್ಲಿಷ್ ಹೆಸರಿನ ತಲೆ ಮೇಲೆ ನಮ್ಮ ಚುಕ್ಕೆ ಕೂತಿದೆ."

"ಅಂದ್ರೆ ರಹ್ಮೆತ್ ಇಳಿದು ನಮ್ಮ ಕಡೆ ಉಳೀತು," ಎಂದಳು ಪೆಂಬೆ, ಕಣ್ಣೊರೆಸಿಕೊಳ್ಳುತ್ತ. "ಜಹ್ಮೆತ್ ಅವರ ಜೊತೆ ಹೋಯ್ತು. ಹೋಗ್ಲಿ, ಅನುಭವಿಸ್ಲಿ!"

ಈಗ ರಾಸಿಹ್ ಎಫೆಂದಿಗೆ ತಡೆಯಲಾಗಲಿಲ್ಲ. ಮೂರು ವಾರದಿಂದ ಕಟ್ಟಿಹಾಕಿದ್ದ ನಗು ಒಂದೇ ಸಲಕ್ಕೆ ಬಿಚ್ಚಿಕೊಂಡಿತು. ಕೆಮ್ಮು ಬರುವಷ್ಟು, ಫೆಜ್ ಟೋಪಿ ಜಾರುವಷ್ಟು ನಕ್ಕ. ಬೆದ್ರಿ ಎದ್ದು ಬೆನ್ನು ತಟ್ಟಬೇಕಾಯಿತು. "ನೀವು ಬೇಜಾರು ಮಾಡ್ಕೋತೀರೇನೋ ಅಂತ ಎಷ್ಟು ಹೆದರಿದ್ದೆ," ಎಂದ ಬೆದ್ರಿ. ನಗುವಿನ ನಡುವೆ ರಾಸಿಹ್ ಎಫೆಂದಿಗೆ ಒಂದು ಕ್ಷಣ, ಆ ಚುಕ್ಕೆ ಇಂಗ್ಲಿಷರದ್ದಲ್ಲ ಕಣಪ್ಪ ಎಂದು ಹೇಳಿಬಿಡೋಣ ಅನ್ನಿಸಿತು. ಬಾಯಿಯನ್ನೂ ತೆರೆದ. ನಿಗಾರ್ ಆ ಬಾಯಿಗೆ ಬಕ್ಲಾವದ ಒಂದು ತುಂಡು ಇಟ್ಟಳು. ಮೂವತ್ತು ವರ್ಷದಲ್ಲಿ ಪರರ ಮುಂದೆ ಅವಳು ಅಂಥದ್ದು ಮಾಡಿದವಳಲ್ಲ. ಪೆಂಬೆ ಹುಬ್ಬೇರಿಸಿ, ಮಗನನ್ನು ಎಬ್ಬಿಸಿಕೊಂಡು, ಇನ್ನೂ ನಾಲ್ಕು ಮನೆ ಬಾಕಿಯಿದೆ ಎಂದು ಹೊರಟಳು.

ಬಾಗಿಲು ಮುಚ್ಚಿತು. ಬೀದಿಯಲ್ಲಿ ಮಕ್ಕಳ ತುತ್ತೂರಿಗಳು ಕೂಗುತ್ತಿದ್ದವು. ಅವನು ಬಾಯಲ್ಲಿದ್ದದ್ದನ್ನು ಅಗಿದು ನುಂಗಿದ. ಈ ಸಲ ಸಿಹಿ ಹತ್ತಿತು.

"ಚುಕ್ಕೆ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದ.

"ಸೂಜಿ ಚುಚ್ಚಿದ್ದು ಯಾರು?" ಎಂದಳು ಅವಳು.

ಹೌದಲ್ಲ. ಅವನಿಗೆ ಅದು ಮರೆತೇ ಹೋಗಿತ್ತು. ಕಾಗದದ ನಕಲು ತೆಗೆಯಲು ಅಕ್ಷರದ ಅಂಚಿನುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಹೊಡೆಯಬೇಕು. ಅವನಿಗೆ ಕಣ್ಣು ಸಾಲದೆ ಹತ್ತು ವರ್ಷದಿಂದ ಆ ಕೆಲಸ ನಿಗಾರ್‌ಳದ್ದು. ಅಂದು ಅವನು ಸಚಿವಾಲಯದವನ ಜೊತೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಾಗ ಒಳಗೆ ಹಜಾರದ ನೆಲದ ಮೇಲೆ ಕೂತು ಕೊನೆಯ ಅಂಚು ಚುಚ್ಚಿ ಮುಗಿಸಿದವಳು ಅವಳೇ.

"ಓದಿದೆಯಾ?"

"ಕುರಾನು ಓದೋಳಿಗೆ ಅಷ್ಟು ಬರಲ್ವಾ? ಓದಿದೆ. ಏನೋ ಕಸುಬಿನದ್ದು ಇರ್ಬೇಕು, ಇವರೇ ಆಮೇಲೆ ತೆಗೀತಾರೆ ಅಂದ್ಕೊಂಡೆ. ಅದರ ಸುತ್ತಾನೂ ಚುಚ್ಚಿದೆ. ಎಷ್ಟು ನೀಟಾಗಿ ಚುಚ್ಚಿದ್ದೆ ಗೊತ್ತಾ? ಗಾಡಿ ಹೋಯ್ತು. ಆಮೇಲೆ ನೀವು ನಿದ್ದೆ ಬಿಟ್ರಿ, ಊಟ ಬಿಟ್ರಿ, ಕಾಫಿ ಮೈಮೇಲೆ ಚೆಲ್ಕೊಂಡ್ರಿ. ಆಗ ಗೊತ್ತಾಯ್ತು."

"ಮತ್ತೆ ನಂಗೆ ಒಂದು ಮಾತು ಹೇಳಬಾರದಿತ್ತಾ ನಿಗಾರ್? ಒಂದು ವರ್ಷ!"

"ಹೇಳಿದ್ರೆ ಏನು ಮಾಡ್ತಿದ್ರಿ? ಇರಬಹುದು ಇಲ್ಲದಿರಬಹುದು ಅಂತ ಅರ್ಧ ಜೀವ ಇಟ್ಕೊಂಡಿದ್ರಿ. ಇದೆ ಅಂತ ನಾನು ಹೇಳಿದ್ರೆ ಆ ಅರ್ಧಾನೂ ಹೋಗ್ತಿತ್ತು. ಮತ್ತೆ ಲೇಖನಿ ಮುಟ್ತಿರ್ಲಿಲ್ಲ ನೀವು."

ಎದುರಿಸಲು ಅವನು ಅಷ್ಟು ಹೆದರಿದ್ದ ಅವಳ ಆ ನೋಟ ಒಂದು ವರ್ಷದಿಂದ ತನ್ನ ಮೇಲೆಯೇ ಇತ್ತು. ಅದರಲ್ಲೇ ಕಾಫಿ ಕುಡಿದು, ಅದರಲ್ಲೇ ಮಲಗಿ ಎದ್ದಿದ್ದ, ಮತ್ತು ಅದು ಒಂದು ಸಲವೂ ಚುಚ್ಚಿರಲಿಲ್ಲ. ಆಮೇಲೆ ಇನ್ನೊಂದು ನೆನಪಾಯಿತು.

"ಅವತ್ತು ಹೊಸ್ತಿಲ ಮೇಲೆ ಕೂತು ಅಷ್ಟು ಅತ್ತೆಯಲ್ಲ?"

ನಿಗಾರ್ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ತೆಗೆದಳು. ಮತ್ತೆ ಇಟ್ಟಳು.

"ಹೆದರಿಕೆಯಿಂದ ಅತ್ತೆ," ಎಂದಳು. "ಒಂದು ವರ್ಷ ಐದು ಹೊತ್ತಿನ ನಮಾಜಲ್ಲೂ ಒಂದೇ ಬೇಡ್ಕೊಂಡಿದ್ದೆ. ದೇವರೇ, ಆ ಹಡಗು ಬರೋದು ಬೇಡ, ನನ್ನ ಗಂಡನ್ನ ನೋಡಿ ಊರು ನಗೋದು ಬೇಡ. ಹೇಗಾದ್ರೂ ಮಾಡಿ ತಡೀಪ್ಪ ಅಂತ. ಎಲ್ಲರ ಬಳೆ, ಎಲ್ಲರ ಹಂಡೆ ಇತ್ತು ಅದರಲ್ಲಿ. ನಾನು ಬರೋದು ಬೇಡ ಅಂತ ಬೇಡ್ತಾ ಇದ್ದೆ. ಅವತ್ತು ಕೂಗಿದ್ದು ಕೇಳಿ, ಅಯ್ಯೋ, ಇದು ಮೇಲೆ ದೇವರಿಗೆ ಕೇಳಿಸೇಬಿಡ್ತಲ್ಲ ಅಂತ ಹೊಸ್ತಿಲ ಮೇಲೇ ಕೂತ್ಬಿಟ್ಟೆ. ಇಷ್ಟು ದೊಡ್ಡ ಯುದ್ಧ ಹಚ್ಚಿ ನನ್ನ ಮಾತು ನಡೆಸಿಕೊಡು ಅಂತ ನಾನೇನು ಹೇಳಿದ್ನಾ?"

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಮುಖದಲ್ಲೂ ಎರಡೂ ಇದ್ದವು. ಹಡಗು ಬರಲೆಂದು ಮೊಣಕಾಲುದ್ದದ ಜಡೆ ಕತ್ತರಿಸಿ ಕೊಟ್ಟವಳು, ತನಗಾಗಿ ಅದು ಬಾರದಿರಲಿ ಎಂದು ಬೇಡಿದ್ದಳು. ಕೊಟ್ಟದ್ದನ್ನು ಇನ್ನೊಂದು ಸಲ ಕೊಟ್ಟಿದ್ದಳು, ಈ ಸಲ ಯಾರಿಗೂ ತೋರಿಸದೆ. ಅವಳ ಕೈಯಿಂದ ಲೋಟಗಳನ್ನು ತೆಗೆದಿಟ್ಟು, "ಅಷ್ಟು ಜಹ್ಮೆತ್ ಯಾಕೆ ತಗೊಂಡೆ?" ಎಂದ. ಬಾಯಿಂದ ಬಿದ್ದ ಮಾತು ತನ್ನ ಕಿವಿಗೇ ಬಿದ್ದಾಗ ಇಬ್ಬರೂ ಒಟ್ಟಿಗೇ 'ಅಯ್ಯೋ' ಎಂದರು. ನಿಗಾರ್ ಸೆರಗಿನಂತೆ ತಲೆಬಟ್ಟೆಯ ತುದಿ ಬಾಯಿಗೆ ಒತ್ತಿಕೊಂಡು ಭುಜ ಕುಲುಕುವಂತೆ ನಕ್ಕಳು. ಬಟ್ಟೆ ಜಾರಿ ಹೆಗಲ ಮೇಲೆ ಬಿತ್ತು. ಕೂದಲು ಭುಜ ದಾಟಿ ಒಂದು ಗೇಣು ಇಳಿದಿತ್ತು. ಅವನು ಎದ್ದು ಅಲ್ಮಾರಿನಿಂದ ಬಾಚಣಿಗೆ ತಂದ. ಇವತ್ತು ಶುಕ್ರವಾರವಲ್ಲ ಎಂದಳು ಅವಳು. ಹಬ್ಬ ಎಂದ ಅವನು.

ಎರಡು ಸಲ ಬಾಚಿದ್ದನೋ ಇಲ್ಲವೋ, ಬಾಗಿಲ ಬಳಿ ತಾಹ್ಸಿನನ ಕೆಮ್ಮು, ಇಮಾಮರ ಗಂಟಲು, ಹತ್ತಾರು ಕಾಲುಗಳ ಸಪ್ಪಳ ಕೇಳಿಸಿತು. ದುಃಖದಲ್ಲಿರುವ ಉಸ್ತಾದರನ್ನು ಸಮಾಧಾನ ಮಾಡಲು ಕಾಫಿಯಂಗಡಿಗೆ ಕಾಫಿಯಂಗಡಿಯೇ ಬಂದಿತ್ತು. ನಿಗಾರ್ ಲಗುಬಗೆಯಿಂದ ತಲೆಗೆ ಬಟ್ಟೆ ಸುತ್ತಿಕೊಂಡು, ಅಗುಳಿಗೆ ಕೈಯಿಟ್ಟು, ತಿರುಗಿ ಅವನ ಮುಖ ನೋಡಿದಳು.

"ರೀ," ಎಂದು ಪಿಸುಗುಟ್ಟಿದಳು, "ನಗು ಕಾಣ್ತಾ ಇದೆ. ಎಡಗಡೆ."